ಚುಕ್ಕಿಯ ಬಲಗಡೆಯ ಗೇಣಿ: ಹೊಸ ಡೊಮೈನ್ ವಿಸ್ತರಣೆಗಳಲ್ಲಿ ಹಣ ಹೂಡಬಹುದೇ?

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದ ಸಮೀಪ ನಮಗೆ ಮೂರು ಎಕರೆ ಅಡಿಕೆ ತೋಟವೂ ಹಾಳೆ ತಟ್ಟೆ ತಯಾರಿಸುವ ಒಂದು ಸಣ್ಣ ಘಟಕವೂ ಇವೆ. ಈ ಸಲದ ಅಡಿಕೆ ಮಾರಾಟದಿಂದ ಎರಡು ಲಕ್ಷ ರೂಪಾಯಿ ಕೈಯಲ್ಲಿ ಉಳಿದಿದೆ. ಸಲಹೆಗಾರರೊಬ್ಬರು ಡಾಟ್ ಫಾರ್ಮ್, ಡಾಟ್ ಕಾಫಿ, ಡಾಟ್ ಶಾಪ್, ಡಾಟ್ ಟೂರ್ಸ್ ಮುಂತಾದ ಉದ್ಯಮವಾರು ವಿಸ್ತರಣೆಗಳಲ್ಲಿ (ಜಾಲತಾಣದ ವಿಳಾಸದಲ್ಲಿ ಚುಕ್ಕಿಯ ಬಲಗಡೆ ಬರುವ ಪದಗಳಲ್ಲಿ) 40 ಹೆಸರುಗಳ ಪಟ್ಟಿ ಕೊಟ್ಟಿದ್ದಾರೆ. ಮೊದಲ ವರ್ಷ ಒಂದು ಹೆಸರಿಗೆ ಸರಾಸರಿ 250 ರೂಪಾಯಿ, ಆಮೇಲೆ ವರ್ಷಕ್ಕೆ 2,800 ರೂಪಾಯಿ. ಡಾಟ್ ಕಾಮ್‌ನಲ್ಲಿ ಒಳ್ಳೆಯ ಹೆಸರುಗಳು ಮುಗಿದಿವೆ, ಐದು ವರ್ಷಗಳಲ್ಲಿ ಇವಕ್ಕೆ ಕುಂಬಳೆಯ ಹೆದ್ದಾರಿ ಬದಿಯ ಜಾಗದ ಹಾಗೆ ಬೆಲೆ ಬರುತ್ತದೆ, ಗೂಗಲ್ ಹುಡುಕಾಟದಲ್ಲಿಯೂ ಇವು ಮೇಲೆ ನಿಲ್ಲುತ್ತವೆ ಎಂಬುದು ಅವರ ಮಾತು. ಇದನ್ನು ಹೂಡಿಕೆ ಎಂದು ನಂಬಬಹುದೇ? ನಮ್ಮ ಬೆಳೆಗಾರರ ಕೂಟಕ್ಕೆ ಸ್ವಂತ ವಿಸ್ತರಣೆಯೊಂದನ್ನೇ ಪಡೆಯುವುದು ಸಾಧ್ಯವೇ?

ಉತ್ತರ: ನಿಮ್ಮ ಘಟಕದ ಬಳಕೆಗಾಗಿ ಇಂತಹ ಒಂದೋ ಎರಡೋ ಹೆಸರುಗಳನ್ನು ಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ, ಮುಂದೆ ಮಾರುವ ಆಸೆಯಿಂದ 40 ಹೆಸರುಗಳನ್ನು ಹಿಡಿದಿಟ್ಟುಕೊಳ್ಳುವುದನ್ನು ನಾನು ಸಲಹೆ ಮಾಡಲಾರೆ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ನಿಮ್ಮ ಸಲಹೆಗಾರರು ಬಳಸಿದ ಹೋಲಿಕೆಯಲ್ಲಿಯೇ ದೋಷವಿದೆ ಮತ್ತು ಆ ದೋಷ ತಿಳಿದರೆ ಉಳಿದ ಲೆಕ್ಕವನ್ನು ನೀವೇ ಮಾಡಿಕೊಳ್ಳಬಲ್ಲಿರಿ.

ಹೆದ್ದಾರಿ ಬದಿಯ ಜಾಗಕ್ಕೆ ಬೆಲೆ ಬರುವುದು ಅದು ಇಷ್ಟೇ ಎಂದು ಇರುವುದರಿಂದ. ಚುಕ್ಕಿಯ ಬಲಗಡೆಯ ಜಾಗಕ್ಕೆ ಅಂತಹ ಮಿತಿಯಿಲ್ಲ. ಅಂತರ್ಜಾಲದ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯು 2011ರ ಜೂನ್‌ನಲ್ಲಿ ಸಿಂಗಪುರದ ಸಭೆಯಲ್ಲಿ ಹೊಸ ವಿಸ್ತರಣೆಗಳಿಗೆ ಬಾಗಿಲು ತೆರೆಯಲು ಒಪ್ಪಿತು. 2012ರಲ್ಲಿ ತಲಾ 1,85,000 ಡಾಲರ್ ಶುಲ್ಕ ಕಟ್ಟಿ 1,930 ಅರ್ಜಿಗಳು ಬಂದವು. 2013ರ ಅಕ್ಟೋಬರ್‌ನಿಂದ ಅವು ಒಂದೊಂದಾಗಿ ಜಾರಿಗೆ ಬಂದು, ಇಂದು ಆ ಸುತ್ತಿನಲ್ಲಿ ಹುಟ್ಟಿದ ವಿಸ್ತರಣೆಗಳು ಸಾವಿರದ ಇನ್ನೂರನ್ನು ದಾಟಿವೆ. ಒಂದು ಹೆದ್ದಾರಿಯ ಪಕ್ಕದಲ್ಲಿ ಸಾವಿರದ ಇನ್ನೂರು ಹೆದ್ದಾರಿಗಳನ್ನು ಹಾಕಿದ ಮೇಲೆ ಯಾವ ಬದಿಯ ಜಾಗಕ್ಕೆ ಬೆಲೆ ಏರೀತು ಎಂಬುದನ್ನು ಕುಂಬಳೆಯ ಭೂವ್ಯವಹಾರ ಬಲ್ಲವರು ಯಾರಾದರೂ ಹೇಳಬಲ್ಲರು.

ಎರಡನೆಯದಾಗಿ, ಡೊಮೈನ್ ಹೆಸರನ್ನು ಯಾರೂ ಕೊಳ್ಳುವುದಿಲ್ಲ. ನಾವೆಲ್ಲ ‘ಕೊಂಡೆ’ ಎನ್ನುತ್ತೇವೆ, ಬಿಲ್ಲಿನಲ್ಲಿಯೂ ಹಾಗೆಯೇ ಇರುತ್ತದೆ, ಆದರೆ ಒಪ್ಪಂದವನ್ನು ಓದಿದರೆ ಅದು ಅವಧಿಗೆ ಒಳಪಟ್ಟ ಬಳಕೆಯ ಹಕ್ಕು. ಇದನ್ನು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ನಮ್ಮ ನಾಡಿನವರಿಗೆ ಅರ್ಥ ಮಾಡಿಸುವುದು ಸುಲಭ. ನಮ್ಮ ಅಜ್ಜಂದಿರ ಕಾಲದಲ್ಲಿ ಗೇಣಿಯಲ್ಲಿ ಎರಡು ಬಗೆ ಇತ್ತು. ಮೂಲಗೇಣಿಯ ಒಕ್ಕಲಿಗೆ ಗೇಣಿ ನಿಗದಿಯಾಗಿರುತ್ತಿತ್ತು, ಹಕ್ಕು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿತ್ತು. ಚಾಲಗೇಣಿಯವನ ಗೇಣಿಯನ್ನಾದರೋ ಧಣಿ ತನಗೆ ಕಂಡಂತೆ ಏರಿಸಬಹುದಾಗಿತ್ತು, ಕೊಡಲಾಗದಿದ್ದರೆ ನೆಟ್ಟ ಗಿಡವನ್ನೂ ಬಿಟ್ಟು ಹೊರಡಬೇಕಾಗಿತ್ತು. ಡಾಟ್ ಕಾಮ್ ಹೆಚ್ಚುಕಡಿಮೆ ಮೂಲಗೇಣಿ. ಅದನ್ನು ನಡೆಸುವ ವೆರಿಸೈನ್ ಕಂಪನಿಯ ಸಗಟು ದರಕ್ಕೆ ಒಪ್ಪಂದದ ಕಡಿವಾಣವಿದೆ: ಆರು ವರ್ಷಗಳ ಪ್ರತಿ ಅವಧಿಯಲ್ಲಿ ಕೊನೆಯ ನಾಲ್ಕು ವರ್ಷ ಮಾತ್ರ, ಅದೂ ವರ್ಷಕ್ಕೆ ಶೇ. 7ಕ್ಕೆ ಮೀರದಂತೆ ಏರಿಸಬಹುದು. 2024ರ ಸೆಪ್ಟೆಂಬರ್‌ನಲ್ಲಿ ಅದು 10.26 ಡಾಲರ್‌ಗೆ ಬಂದು ನಿಂತಿತು. ಹೊಸ ವಿಸ್ತರಣೆಗಳಿಗೆ ಇಂತಹ ಮೇಲ್ಮಿತಿಯೇ ಇಲ್ಲ. ನವೀಕರಣದ ದರ ಏರಿಸುವ ಮೊದಲು ರಿಜಿಸ್ಟ್ರಿಯು, ಅಂದರೆ ವಿಸ್ತರಣೆಯನ್ನು ನಡೆಸುವ ಕಂಪನಿಯು, ಹೆಸರುಗಳನ್ನು ನಮಗೆ ಮಾರುವ ಮಾರಾಟಗಾರರಿಗೆ 180 ದಿನಗಳ ಸೂಚನೆ ಕೊಡಬೇಕು, ಆ ಅವಧಿಯಲ್ಲಿ ಹಳೆಯ ದರದಲ್ಲಿಯೇ ಒಟ್ಟು ಹತ್ತು ವರ್ಷಗಳವರೆಗೆ ನವೀಕರಿಸಿಕೊಳ್ಳಲು ಅವಕಾಶವಿರಬೇಕು ಎಂಬುದಷ್ಟೇ ಕಟ್ಟುಪಾಡು. 2017ರಲ್ಲಿ ಯುನಿರಿಜಿಸ್ಟ್ರಿ ಎಂಬ ಕಂಪನಿ ತನ್ನ ಹಲವು ವಿಸ್ತರಣೆಗಳ ದರವನ್ನು ಎಷ್ಟು ಏರಿಸುವುದಾಗಿ ಘೋಷಿಸಿತೆಂದರೆ, ಜಗತ್ತಿನ ಅತಿ ದೊಡ್ಡ ಮಾರಾಟಗಾರ ಗೋಡ್ಯಾಡಿ ಆ ವಿಸ್ತರಣೆಗಳ ಹೊಸ ನೋಂದಣಿಯನ್ನೇ ನಿಲ್ಲಿಸಿತು. ಕಾಸರಗೋಡಿನ ಚಾಲಗೇಣಿದಾರರಿಗೆ ಕೇರಳದ ಭೂಸುಧಾರಣೆಯಿಂದ ಕಡೆಗೂ ಜಮೀನಿನ ಪಟ್ಟೆ ಸಿಕ್ಕಿತು. ಡೊಮೈನ್ ಲೋಕದಲ್ಲಿ ಅಂತಹ ಕಾನೂನು ಬರುವ ಲಕ್ಷಣ ನನಗೆ ಕಾಣುವುದಿಲ್ಲ.

‘ಡಾಟ್ ಕಾಮ್‌ನಲ್ಲಿ ಮೊದಲು ಬಂದವರು ಶ್ರೀಮಂತರಾದರು, ಇಲ್ಲಿಯೂ ಹಾಗೆಯೇ’ ಎಂಬ ವಾದವನ್ನು ನೀವು ಕೇಳಿರುತ್ತೀರಿ. ಡಾಟ್ ಕಾಮ್ ಶುರುವಾದದ್ದು 1985ರಲ್ಲಿ. ಆಗ ಒಳ್ಳೆಯ ಪದಗಳನ್ನು ಮೊದಲು ಕೇಳಿದವರಿಗೆ ಕೊಟ್ಟರು, ಏಕೆಂದರೆ ಅದಕ್ಕೆ ಬೆಲೆಯಿದೆ ಎಂದು ಕೊಡುವವರಿಗೂ ಗೊತ್ತಿರಲಿಲ್ಲ. ಹೊಸ ವಿಸ್ತರಣೆಗಳ ಒಡೆಯರಿಗೆ ಅದು ಚೆನ್ನಾಗಿ ಗೊತ್ತಿದೆ. ಅವರು ವಿಸ್ತರಣೆಯೊಂದಕ್ಕೇ ಕೋಟಿಗಟ್ಟಲೆ ಸುರಿದವರು. ಡಾಟ್ ಶಾಪ್‌ಗಾಗಿ ಜಪಾನಿನ ಜಿಎಂಒ ಕಂಪನಿ 2016ರ ಹರಾಜಿನಲ್ಲಿ 4.15 ಕೋಟಿ ಡಾಲರ್ ಕೊಟ್ಟಿದೆ, ಡಾಟ್ ಆ್ಯಪ್‌ಗಾಗಿ ಗೂಗಲ್ 2015ರಲ್ಲಿ 2.5 ಕೋಟಿ ಡಾಲರ್ ಕೊಟ್ಟಿದೆ. ಇಷ್ಟು ಕೊಟ್ಟವರು ಆಯ್ದ ಪದಗಳನ್ನು ನಮಗಾಗಿ 250 ರೂಪಾಯಿಗೆ ಬಿಟ್ಟಿರುವುದಿಲ್ಲ. ಆಯ್ದ ಪದಗಳಿಗೆ ‘ಪ್ರೀಮಿಯಂ’ ಎಂಬ ಮುದ್ರೆ ಒತ್ತಿ ಹೆಚ್ಚಿನ ಬೆಲೆ ಇಡುತ್ತಾರೆ, ಎಷ್ಟೋ ಕಡೆ ಆ ಹೆಚ್ಚಿನ ಬೆಲೆಯನ್ನು ಪ್ರತಿವರ್ಷವೂ ಕೊಡಬೇಕಾಗುತ್ತದೆ. ಚಾಲಿಯನ್ನು ಆರಿಸಿ ಒಳ್ಳೆಯದನ್ನು ತೆಗೆದಿಟ್ಟ ಮೇಲೆ ಉಳಿದ ಕರಿಗೋಟು, ಉಳ್ಳಿಗಡ್ಡೆ ಎಂಬ ಕೆಳದರ್ಜೆಯ ಅಡಿಕೆಯ ರಾಶಿಯಿಂದ ನಿಮ್ಮ ಪಟ್ಟಿ ಹುಟ್ಟಿದೆ ಎಂದರೆ ಸಲಹೆಗಾರರು ಬೇಸರಿಸಬಾರದು. 250 ರೂಪಾಯಿಗೆ ಸಿಗುತ್ತಿದೆ ಎಂಬುದೇ ಅದಕ್ಕೆ ಸಾಕ್ಷಿ.

ಹಾಗಾದರೆ ಹೊಸ ವಿಸ್ತರಣೆಗಳಲ್ಲಿ ದೊಡ್ಡ ಮಾರಾಟ ನಡೆದೇ ಇಲ್ಲವೇ? ನಡೆದಿದೆ. ಹೋಮ್ ಡಾಟ್ ಲೋನ್ಸ್ 2018ರಲ್ಲಿ ಐದು ಲಕ್ಷ ಡಾಲರ್‌ಗೆ ಮಾರಾಟವಾಯಿತು, ಅದೇ ವರ್ಷ ವೆಕೇಶನ್ ಡಾಟ್ ರೆಂಟಲ್ಸ್ 5,00,300 ಡಾಲರ್‌ಗೆ ಹೋಯಿತು. ಈ ಎರಡನ್ನೂ ಗಮನಿಸಿ: ಚುಕ್ಕಿಯ ಎಡಬಲದ ಪದಗಳು ಸೇರಿ ಜನ ದಿನವೂ ಆಡುವ ಒಂದೇ ನುಡಿಗಟ್ಟಾಗಿವೆ, ಆ ನುಡಿಗಟ್ಟಿನ ಹಿಂದೆ ಸಾಲದ ಮತ್ತು ಬಾಡಿಗೆ ಮನೆಗಳ ಭಾರೀ ವ್ಯಾಪಾರವಿದೆ. ಅಂತಹ ಜೋಡಿಗಳು ಬೆರಳೆಣಿಕೆಯಷ್ಟು, ಮತ್ತು ಅವು ಮಾರಾಟವಾದ ಸುದ್ದಿಯೇ ನಮ್ಮ ಕಿವಿಗೆ ಬೀಳುತ್ತದೆ. ಸದ್ದಿಲ್ಲದೆ ಕೈಬಿಟ್ಟ ಹೆಸರುಗಳ ಸುದ್ದಿಯನ್ನು ಯಾರು ಹೇಳುತ್ತಾರೆ? ಒಂದನ್ನು ನಾನು ಹೇಳುತ್ತೇನೆ. ಮೊಬೈಲ್ ಫೋನುಗಳಿಗೆಂದೇ ಹುಟ್ಟಿದ ಡಾಟ್ ಮೊಬಿ ಎಂಬ ವಿಸ್ತರಣೆಯ ಬಗ್ಗೆ ಒಂದು ಕಾಲದಲ್ಲಿ ಇದೇ ಭರವಸೆಯ ಮಾತುಗಳಿದ್ದವು. 2006ರ ಹರಾಜಿನಲ್ಲಿ ಫ್ಲವರ್ಸ್ ಡಾಟ್ ಮೊಬಿ ಎರಡು ಲಕ್ಷ ಡಾಲರ್‌ಗೆ ಹೋಯಿತು. ಆಮೇಲೆ ಫೋನುಗಳೇ ಬುದ್ಧಿವಂತವಾಗಿ ಸಾಮಾನ್ಯ ಜಾಲತಾಣಗಳನ್ನೇ ತೋರಿಸತೊಡಗಿದವು, ಅದೇ ಹೆಸರು ಮುಂದೆ 6,500 ಡಾಲರ್‌ಗೆ ಕೈ ಬದಲಾಯಿತು. ನಾನು ಬೇರೆಯವರನ್ನು ನೋಡಿ ನಗುವ ಸ್ಥಿತಿಯಲ್ಲಿಲ್ಲ: 2014ರಲ್ಲಿ ನಾನೂ ಹನ್ನೊಂದು ಹೆಸರುಗಳನ್ನು ಹೊಸ ವಿಸ್ತರಣೆಗಳಲ್ಲಿ ಹಿಡಿದಿದ್ದೆ, ನಾಲ್ಕು ವರ್ಷ ಗೇಣಿ ಕಟ್ಟಿದೆ, ಒಂದನ್ನಾದರೂ ಕೇಳಿ ಒಂದು ಇಮೇಲ್ ಬರಲಿಲ್ಲ, ಕೊನೆಗೆ ಎಲ್ಲವನ್ನೂ ಬಿಟ್ಟೆ.

ಈಗ ನಿಮ್ಮದೇ ಅಂಕಿಗಳನ್ನು ಹಾಕಿ ನೋಡೋಣ. ಮೊದಲ ವರ್ಷ 40 ಹೆಸರುಗಳಿಗೆ 10,000 ರೂಪಾಯಿ. ಇದು ಎಷ್ಟು ಕಡಿಮೆಯೆಂದರೆ, ಎರಡು ಲಕ್ಷದಲ್ಲಿ ಇನ್ನೂ 1,90,000 ಉಳಿಯುತ್ತದಲ್ಲ ಎಂದು ಮನಸ್ಸು ಹಿಗ್ಗುತ್ತದೆ. ಎರಡನೆಯ ವರ್ಷದಿಂದ ವರ್ಷಕ್ಕೆ 1,12,000 ರೂಪಾಯಿ. ಮೂರನೆಯ ವರ್ಷದ ಗೇಣಿ ಕಟ್ಟುವಾಗಲೇ ನಿಮ್ಮ ಎರಡು ಲಕ್ಷ ಮುಗಿದಿರುತ್ತದೆ. ಐದು ವರ್ಷಗಳ ಒಟ್ಟು ವೆಚ್ಚ 4,58,000 ರೂಪಾಯಿ, ಅದೂ ದರ ಏರದಿದ್ದರೆ. ಆದಾಯದ ಕಡೆ ಬಂದರೆ, ಡಾಟ್ ಕಾಮ್ ಹೆಸರುಗಳ ವ್ಯಾಪಾರದಲ್ಲಿ ಪಳಗಿದವರೇ ತಮ್ಮೊಳಗೆ ಹೇಳಿಕೊಳ್ಳುವ ಅಂದಾಜು ಎಂದರೆ ನೂರು ಹೆಸರುಗಳಲ್ಲಿ ವರ್ಷಕ್ಕೆ ಒಂದೋ ಎರಡೋ ಮಾರಿಹೋಗುತ್ತವೆ ಎಂಬುದು. ಹೊಸ ವಿಸ್ತರಣೆಗಳಿಗೂ ನೂರಕ್ಕೆ ಒಂದು ಎಂದು ಉದಾರವಾಗಿಯೇ ಹಿಡಿದರೆ, 40 ಹೆಸರುಗಳಿಂದ ಐದು ವರ್ಷಗಳಲ್ಲಿ ಎರಡು ಮಾರಾಟ. ಮಾರಾಟ ಕುದುರಿಸಿಕೊಡುವ ತಾಣಗಳ ಕಮಿಷನ್ ಶೇ. 20 ಎಂದುಕೊಂಡರೆ, ಹಾಕಿದ ಹಣ ಹಿಂದೆ ಬರಲಿಕ್ಕೇ ಆ ಎರಡರಲ್ಲಿ ಪ್ರತಿಯೊಂದೂ ಸುಮಾರು 2,86,000 ರೂಪಾಯಿಗೆ ಹೋಗಬೇಕು. ಮಾರಿದ ಹೆಸರಿನ ನವೀಕರಣ ಉಳಿಯುತ್ತದೆ ಎಂದು ಅಷ್ಟಿಷ್ಟು ಕಳೆದರೂ ಚಿತ್ರ ಬದಲಾಗುವುದಿಲ್ಲ. ಲಾಭದ ಮಾತು ಅದರಾಚೆಗೆ. ಅಂತಹ ಬೆಲೆ ಕೊಡಬಲ್ಲ ಹತ್ತು ಕಂಪನಿಗಳ ಹೆಸರನ್ನು, ಪಟ್ಟಿಯ ಯಾವುದಾದರೂ ಒಂದು ಡೊಮೈನ್‌ಗೆ, ಬರೆದುಕೊಡಿ ಎಂದು ಸಲಹೆಗಾರರನ್ನು ಕೇಳಿ. ಹಿಂದಿನ ಮಾರಾಟಗಳನ್ನು ದಾಖಲಿಸುವ ನೇಮ್‌ಬಯೋ ಎಂಬ ತಾಣದಲ್ಲಿ ಆಯಾ ವಿಸ್ತರಣೆಯ ಹೆಸರುಗಳು ಎಷ್ಟಕ್ಕೆ ಹೋಗಿವೆ ಎಂದೂ ನೀವೇ ನೋಡಿಕೊಳ್ಳಬಹುದು.

ಉದ್ಯಮವಾರು ವಿಸ್ತರಣೆಗಳಿಗೆ ಬೆಲೆಯೇ ಇಲ್ಲ ಎಂದು ಇದರ ಅರ್ಥವಲ್ಲ. ಅವುಗಳ ನಿಜವಾದ ಬೆಲೆ ನಂಬಿಕೆಯಲ್ಲಿದೆ, ಮತ್ತು ನಂಬಿಕೆ ಹುಟ್ಟಬೇಕಾದರೆ ಬಾಗಿಲಲ್ಲಿ ಒಬ್ಬ ಕಾವಲುಗಾರ ಬೇಕು. ಡಾಟ್ ಬ್ಯಾಂಕ್ ವಿಸ್ತರಣೆಯನ್ನು ಪರಿಶೀಲನೆಗೆ ಒಳಪಟ್ಟ ಬ್ಯಾಂಕುಗಳು ಮತ್ತು ಅವುಗಳಿಗೆ ಸಂಬಂಧಿಸಿದ ಸಂಸ್ಥೆಗಳು ಮಾತ್ರ ಪಡೆಯಬಹುದು. ನಮ್ಮ ದೇಶದಲ್ಲಿಯೇ ಭಾರತೀಯ ರಿಸರ್ವ್ ಬ್ಯಾಂಕು 2025ರ ಫೆಬ್ರುವರಿಯಲ್ಲಿ ಬ್ಯಾಂಕುಗಳಿಗಾಗಿ ಡಾಟ್ ಬ್ಯಾಂಕ್ ಡಾಟ್ ಇನ್ ಎಂಬ ವಿಳಾಸವನ್ನು ಘೋಷಿಸಿ, ಅದೇ ವರ್ಷದ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಸ್ಥಳಾಂತರಗೊಳ್ಳಬೇಕೆಂದು ಸೂಚಿಸಿತು. ನೋಂದಣಿಯ ಹೊಣೆಯನ್ನು ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ ಕೊಟ್ಟಿತು. ಮೋಸದ ತಾಣಗಳ ಈ ಕಾಲದಲ್ಲಿ ಗ್ರಾಹಕನಿಗೆ ಇದರಿಂದ ದೊಡ್ಡ ಉಪಕಾರವಾಗಿದೆ. ಆದರೆ ನೀವಾಗಲಿ ನಾನಾಗಲಿ ಅಂತಹ ಹೆಸರೊಂದನ್ನು ಹಿಡಿದು ಮಾರುವಂತಿಲ್ಲ. ವಿಸ್ತರಣೆಗೆ ಹೆಚ್ಚು ಬೆಲೆ ಇರುವಲ್ಲಿ ಹೂಡಿಕೆದಾರನಿಗೆ ಪ್ರವೇಶವಿಲ್ಲ. ಅವನನ್ನು ಕೈಬೀಸಿ ಕರೆಯುವಲ್ಲಿ ಯಾರು ಬೇಕಾದರೂ ಬರಬಹುದಾದ್ದರಿಂದ ವಿಸ್ತರಣೆ ಏನನ್ನೂ ಸಾಬೀತುಪಡಿಸುವುದಿಲ್ಲ. ಡಾಟ್ ಫಾರ್ಮ್ ಇಟ್ಟುಕೊಂಡವನಿಗೆ ತೋಟ ಇರಲೇಬೇಕೆಂದಿಲ್ಲ.

ಇಲ್ಲಿ ಡಾಟ್ ಎಐ ಉದಾಹರಣೆಯನ್ನು ಯಾರಾದರೂ ಎತ್ತಬಹುದು. ಅದು ಉದ್ಯಮಕ್ಕೆಂದು ಹುಟ್ಟಿದ ವಿಸ್ತರಣೆಯೇ ಅಲ್ಲ; ಕೆರಿಬಿಯನ್ ಸಮುದ್ರದ ಅಂಗ್ವಿಲಾ ಎಂಬ ಪುಟ್ಟ ದ್ವೀಪದ ದೇಶಸಂಕೇತ. ಕೃತಕ ಬುದ್ಧಿಮತ್ತೆಯ ಅಲೆಯಿಂದ 2023ರಲ್ಲಿ ಆ ದ್ವೀಪಕ್ಕೆ ಸುಮಾರು 3.2 ಕೋಟಿ ಡಾಲರ್, ಅಂದರೆ ಸರಕಾರದ ವರಮಾನದ ಐದನೆಯ ಒಂದು ಭಾಗದಷ್ಟು, ಬಂತು. ಗೇಣಿಯಿಂದ ಖಚಿತವಾಗಿ ಗೆದ್ದದ್ದು ಯಾರು ಎಂಬುದನ್ನು ಅಲ್ಲಿಯೂ ನೋಡಿ.

ಹುಡುಕಾಟದಲ್ಲಿ ಮೇಲೆ ಬರುತ್ತದೆ ಎಂಬ ಮಾತಿಗೆ ಉತ್ತರ ಚಿಕ್ಕದು. ವಿಸ್ತರಣೆಯಲ್ಲಿರುವ ಪದದಿಂದ ಹುಡುಕಾಟದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದು ಗೂಗಲ್ 2015ರಲ್ಲಿಯೇ ಸ್ಪಷ್ಟಪಡಿಸಿದೆ.

ನಿಮ್ಮ ಪಟ್ಟಿಯನ್ನು ನಾನು ಸಾಲುಸಾಲಾಗಿ ನೋಡಿದೆ. ಅದರಲ್ಲಿ ಹತ್ತೊಂಬತ್ತು ಹೆಸರುಗಳು ‘ಅಡಿಕೆ’ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದವು. ಈ ಪದವನ್ನು ಅಡಿಕೆ, ಅಡಕೆ, ಅಡಕ್ಕೆ ಎಂದು ಊರಿಗೊಂದು ರೀತಿಯಲ್ಲಿ ಹೇಳುವ ನಾವೇ ಇಂಗ್ಲಿಷ್‌ನಲ್ಲಿ ಬರೆಯುವಾಗ ಹತ್ತು ಬಗೆಯಲ್ಲಿ ಬರೆಯುತ್ತೇವೆ. ಸುಪಾರಿ ಎನ್ನುವ ಉತ್ತರದ ವ್ಯಾಪಾರಿಗೆ ಅದು ತಲುಪುವುದೇ ಇಲ್ಲ. ‘ಅರೆಕಾ’ ಎಂಬ ಪದವಿರುವ ಐದು ಹೆಸರುಗಳು ವಾಸಿ ಎನ್ನಿಸಬಹುದು, ಆದರೆ ಹೊರದೇಶದ ಗ್ರಾಹಕ ಅರೆಕಾ ಎಂದೊಡನೆ ನೆನೆಸಿಕೊಳ್ಳುವುದು ಮನೆಯೊಳಗೆ ಕುಂಡದಲ್ಲಿ ಬೆಳೆಸುವ ಅರೆಕಾ ಪಾಮ್ ಎಂಬ ಅಲಂಕಾರದ ಗಿಡವನ್ನು. ಅದು ನಮ್ಮ ಅಡಿಕೆ ಮರವೇ ಅಲ್ಲ. ಬೇಕಲ ಕೋಟೆಯ ಹೆಸರಿನೊಂದಿಗೆ ಡಾಟ್ ಟೂರ್ಸ್ ಸೇರಿಸಿದ್ದು ಓದಲು ಚೆನ್ನಾಗಿದೆ, ಆದರೆ ಕೊಳ್ಳಬಲ್ಲವರು ಆ ಪರಿಸರದ ಕೆಲವೇ ಪ್ರವಾಸ ಸಂಸ್ಥೆಗಳು, ಮತ್ತು ಅವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಬುಕಿಂಗ್ ಸಾಕಾಗಿದೆ.

ಮೂರು ಹೆಸರುಗಳನ್ನು ಮಾತ್ರ ಯಾರಾದರೂ ಉಚಿತವಾಗಿ ಕೊಟ್ಟರೂ ನೀವು ಮುಟ್ಟಬಾರದು. ಅವು ಈ ಭಾಗದ ಹೆಸರಾಂತ ಸಂಸ್ಥೆಗಳ ಹೆಸರಿಗೆ ಡಾಟ್ ಶಾಪ್ ಜೋಡಿಸಿದಂಥವು. ಡೊಮೈನ್ ಹೆಸರಿಗೂ ವ್ಯಾಪಾರಮುದ್ರೆಯ ರಕ್ಷಣೆ ಸಲ್ಲುತ್ತದೆ ಎಂದು ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2004ರಲ್ಲಿ ತೀರ್ಪು ಕೊಟ್ಟಿದೆ. ಅಂತರರಾಷ್ಟ್ರೀಯ ಮಟ್ಟದಲ್ಲಿ 1999ರಿಂದ ಯುಡಿಆರ್‌ಪಿ ಎಂಬ ವಿವಾದ ಪರಿಹಾರ ನಿಯಮವಿದೆ. ಹೊಸ ವಿಸ್ತರಣೆಗಳಿಗೆ ಅದರ ಜೊತೆಗೆ, ಹೆಸರನ್ನು ಬೇಗನೆ ಅಮಾನತು ಮಾಡಬಲ್ಲ ಯುಆರ್‌ಎಸ್ ಎಂಬ ಇನ್ನೊಂದು ವಿಧಾನವೂ ಇದೆ. ಇನ್ನೊಬ್ಬರ ಹೆಸರನ್ನು ಅವರಿಗೇ ಮಾರುವ ಉದ್ದೇಶದಿಂದ ಹಿಡಿದಿಟ್ಟರೆ ಅದನ್ನು ದುರುದ್ದೇಶವೆಂದೇ ಪರಿಗಣಿಸುತ್ತಾರೆ. ಇದನ್ನು ಅರಿಯದೆ ಪಟ್ಟಿಗೆ ಸೇರಿಸಿದ್ದರೆ ಅದು ಸಲಹೆಗಾರರ ಅಜ್ಞಾನ, ಅರಿತು ಸೇರಿಸಿದ್ದರೆ ಇನ್ನೂ ಕೆಟ್ಟದ್ದು.

ಬಳಕೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಹಣಕ್ಕೆ ನಿಜವಾದ ಫಲ ಸಿಗುವುದು ಅಲ್ಲಿ. ಹಾಳೆ ತಟ್ಟೆಯ ಘಟಕಕ್ಕೆ ಒಂದು ಜಾಲತಾಣ ಇರಲಿ. ಮೊದಲ ವಿಳಾಸವಾಗಿ ಡಾಟ್ ಇನ್ ಅಥವಾ ಡಾಟ್ ಕಾಮ್ ತೆಗೆದುಕೊಳ್ಳಿ. ಅಮೆರಿಕದ ಓವರ್‌ಸ್ಟಾಕ್ ಎಂಬ ದೊಡ್ಡ ಮಾರಾಟ ಕಂಪನಿ 2011ರಲ್ಲಿ ತನ್ನ ಹೆಸರನ್ನು ಒ ಡಾಟ್ ಕೋ ಎಂದು ಬದಲಿಸಿಕೊಂಡಾಗ ಗ್ರಾಹಕರು ಅಭ್ಯಾಸಬಲದಿಂದ ಕೊನೆಗೆ ಕಾಮ್ ಎಂದೇ ಒತ್ತುತ್ತಿದ್ದರು, ಕಂಪನಿ ಹಳೆಯ ಹೆಸರಿಗೆ ಮರಳಬೇಕಾಯಿತು. ನೀರ್ಚಾಲಿನಿಂದ ಫೋನಿನಲ್ಲಿ ವಿಳಾಸ ಹೇಳುವಾಗಲೂ ‘ಡಾಟ್ ಇನ್’ ಎಂದರೆ ಅಲ್ಲಿಗೆ ಮುಗಿಯುತ್ತದೆ. ‘ಡಾಟ್ ಫಾರ್ಮ್’ ಎಂದರೆ ‘ಆಮೇಲೆ ಕಾಮ್ ಉಂಟಾ?’ ಎಂಬ ಮರುಪ್ರಶ್ನೆ ಬರುತ್ತದೆ. ಅಗ್ಗದ ಹೊಸ ವಿಸ್ತರಣೆಗಳನ್ನು ಸ್ಪ್ಯಾಮ್ ಕಳುಹಿಸುವವರು ಹೇರಳವಾಗಿ ಬಳಸಿರುವುದರಿಂದ ಕೆಲವು ಮೇಲ್ ವ್ಯವಸ್ಥೆಗಳು ಅವುಗಳಿಂದ ಬಂದ ಪತ್ರಗಳನ್ನು ಅನುಮಾನದಿಂದ ನೋಡುತ್ತವೆ ಎಂಬುದೂ ನೆನಪಿರಲಿ. ಜರ್ಮನಿಗೋ ದುಬೈಗೋ ನೀವು ಕಳುಹಿಸಿದ ದರಪಟ್ಟಿ ಸ್ಪ್ಯಾಮ್ ಪೆಟ್ಟಿಗೆ ಸೇರಿದರೆ ಹೆಸರಿನ ಅಂದದಿಂದ ಪ್ರಯೋಜನವಿಲ್ಲ.

ಎರಡನೆಯ ಬಾಗಿಲಾಗಿ ಒಂದು ಉದ್ಯಮ ವಿಸ್ತರಣೆ ಬೇಕೇ ಬೇಕೆಂದರೆ, ನಿಮ್ಮ ಪಟ್ಟಿಯಲ್ಲಿಲ್ಲದ ಡಾಟ್ ಇಕೋ ಬಗ್ಗೆ ಯೋಚಿಸಬಹುದು. ಪರಿಸರದ ಕುರಿತು ಬಹಿರಂಗ ವಾಗ್ದಾನ ಮಾಡಿದವರಿಗೆ ಮಾತ್ರ ಅದನ್ನು ಬಳಸಲು ಬಿಡುತ್ತಾರೆ, ದರ ಅಗ್ಗವಲ್ಲ, ಆದರೆ ಪ್ಲಾಸ್ಟಿಕ್ಕಿಗೆ ಬದಲಾಗಿ ಹಾಳೆಯ ತಟ್ಟೆ ಮಾರುವವರಿಗೆ ಅದು ನಾಲ್ಕು ಮಾತಿನ ಕೆಲಸವನ್ನು ಒಂದರಲ್ಲಿ ಮಾಡುತ್ತದೆ. ಕನ್ನಡ ಲಿಪಿಯಲ್ಲಿಯೇ ಡಾಟ್ ಭಾರತ ವಿಸ್ತರಣೆ ಲಭ್ಯವಿದೆ, ಡಾಟ್ ಇನ್ ನಡೆಸುವ ನಿಕ್ಸಿ ಸಂಸ್ಥೆಯೇ ಅದನ್ನೂ ನಡೆಸುತ್ತದೆ. ಗಡಿಯಲ್ಲಿ ಕುಳಿತು ಕನ್ನಡ ಬರೆಯುವ ನಮ್ಮಂಥವರಿಗೆ ಅದರ ಮೇಲೆ ಒಂದು ಮಮತೆ ಇರುವುದು ಸಹಜ, ನಾನೂ ಒಂದನ್ನು ಇಟ್ಟುಕೊಂಡಿದ್ದೇನೆ, ಆದರೆ ಅದನ್ನು ಹೂಡಿಕೆ ಎಂದು ಎಲ್ಲಿಯೂ ಲೆಕ್ಕಕ್ಕೆ ಹಿಡಿದಿಲ್ಲ.

ಬೆಳೆಗಾರರ ಕೂಟಕ್ಕೆ ಸ್ವಂತ ವಿಸ್ತರಣೆ ಪಡೆಯುವುದು ತಾತ್ವಿಕವಾಗಿ ಸಾಧ್ಯ. ಐಕ್ಯಾನ್ ಮುಂದಿನ ಸುತ್ತಿನ ಅರ್ಜಿಗಳಿಗೆ 2026ರ ಏಪ್ರಿಲ್ 30ರಿಂದ ಆಗಸ್ಟ್ 12ರವರೆಗಿನ ಅವಧಿಯನ್ನು ಗೊತ್ತುಪಡಿಸಿದೆ. ಶುಲ್ಕ 2,27,000 ಡಾಲರ್, ಅಂದರೆ ಸುಮಾರು ಎರಡು ಕೋಟಿ ರೂಪಾಯಿ. ಆಮೇಲೆ ಐಕ್ಯಾನ್‌ಗೆ ಪ್ರತಿವರ್ಷ ಕಟ್ಟುವ ಸ್ಥಿರ ಶುಲ್ಕವೇ ಹಿಂದಿನ ಸುತ್ತಿನಲ್ಲಿ 25,000 ಡಾಲರ್ ಇತ್ತು, ತಾಂತ್ರಿಕ ನಿರ್ವಹಣೆಯ ಖರ್ಚು ಬೇರೆ. ನಡೆಸಲಾಗದವರ ಕಥೆಯೂ ಇದೆ: ಮದುವೆಗಳಿಗೆಂದು ಬಂದ ಡಾಟ್ ವೆಡ್ ವಿಸ್ತರಣೆಯನ್ನು 2017ರ ಕೊನೆಗೆ ಐಕ್ಯಾನ್ ತುರ್ತು ನಿರ್ವಾಹಕರ ಕೈಗೆ ಒಪ್ಪಿಸಬೇಕಾಯಿತು. ಕೂಟದ ಹಣದಲ್ಲಿ ಒಂದು ಒಣಗಿಸುವ ಯಂತ್ರ ತಂದರೆ ಮಳೆಗಾಲಕ್ಕೆ ಉಪಯೋಗವಾದೀತು.

ಸಲಹೆಗಾರರ ಪಟ್ಟಿಯಿಂದ ನಿಮ್ಮ ಘಟಕದ ಹೆಸರೇ ಇರುವ ಡಾಟ್ ಫಾರ್ಮ್ ಒಂದನ್ನು ಬೇಕಿದ್ದರೆ ಉಳಿಸಿಕೊಳ್ಳಿ, ಅದನ್ನು ಡಾಟ್ ಇನ್ ತಾಣಕ್ಕೆ ತಿರುಗಿಸಿಡಿ, ಉಳಿದವನ್ನು ಬಿಡಿ. ಹಣ ಕಟ್ಟುವ ಮೊದಲು ಬಿಲ್ಲಿನಲ್ಲಿ ಮೊದಲ ವರ್ಷದ ದರದ ಕೆಳಗೆ ಸಣ್ಣಕ್ಷರದಲ್ಲಿರುವ ನವೀಕರಣ ದರವನ್ನು ನೋಡಿ, ಮತ್ತು ನೋಂದಣಿ ಸಲಹೆಗಾರರ ಹೆಸರಿನಲ್ಲಿ ಆಗದೆ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ಗೆ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಹೆಸರನ್ನು ಕಳೆದುಕೊಂಡು ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಎಡವಿರುವುದು ಇಲ್ಲಿಯೇ. ಅವಧಿ ಮುಗಿದ ಮೇಲೆ ಮಾರಾಟಗಾರರು ಕೊಡುವ ಕೆಲವು ದಿನಗಳ ರಿಯಾಯಿತಿ ಕಳೆದರೆ, 30 ದಿನಗಳ ವಿಮೋಚನಾ ಅವಧಿಯಲ್ಲಿ ದುಬಾರಿ ದಂಡ ತೆತ್ತು ಹೆಸರನ್ನು ಬಿಡಿಸಿಕೊಳ್ಳಬಹುದು. ಅದೂ ದಾಟಿದರೆ ಐದು ದಿನಗಳಲ್ಲಿ ಹೆಸರು ಅಳಿದು, ಮೊದಲು ಕೇಳಿದವರ ಪಾಲಾಗುತ್ತದೆ.